ಕಾಡಿನ ಹಕ್ಕು ಮತ್ತು ಮರದ ಮುದ್ರೆ

ಶ್ರಾವಣಮಾಸದಲ್ಲಿ ಉರುಕುಂದದ ಈರಣ್ಣಸ್ವಾಮಿಯ ದರ್ಶನಕ್ಕಾಗಿ ಬಳ್ಳಾರಿ, ರಾಯಚೂರು ಸೀಮೆಗಳಿಂದ ಬರುವ ಭಕ್ತರು ನಮ್ಮ ನಾಡನ್ನು ಕಾಡಿನ ನಾಡೆಂದು ಎಂದಿಗೂ ಹೇಳಲಾರರು. ಎತ್ತ ನೋಡಿದರೂ ಎರೆಯ ಹೊಲ; ಹತ್ತಿ, ಜೋಳ, ಕಡಲೆಯ ಬೆಳೆ; ನಡುನಡುವೆ ಬೇವು ಮತ್ತು ಕರಿಜಾಲಿ; ಆದವಾನಿಯ ಕಡೆಗೆ ಬೋಳು ಕಲ್ಲುಗುಡ್ಡಗಳು. ನಮ್ಮ ಹಿರಿಯರು ಬಂಡಿ, ನೇಗಿಲು, ಕುಂಟೆ, ಕೂರಿಗೆಗಳಿಗೆ ಬೇಕಾದ ಮರವನ್ನು ಹೊಲದ ಬದುವಿನ ಜಾಲಿಯಿಂದಲೇ ಪಡೆದರು. ಒಲೆಗೆ ಹತ್ತಿಕಟ್ಟಿಗೆ ಮತ್ತು ಕುಳ್ಳು ಸಾಕಾಗುತ್ತಿದ್ದವು. ಮನೆಯ ತೊಲೆ, ಜಂತೆ, ಬಾಗಿಲುಗಳಿಗೆ ಮಾತ್ರ ಅವರು ಪೇಟೆಯ ಕಟ್ಟಿಗೆ ಅಡ್ಡೆಗೆ ಹೋಗಬೇಕಾಗಿತ್ತು.

ಆ ಅಡ್ಡೆಯಲ್ಲಿ ಕಾಡಿನಿಂದ ಬಂದ ದಿಮ್ಮಿಯ ತುದಿಯನ್ನು ನೋಡಿದರೆ ಸುತ್ತಿಗೆಯಿಂದ ಒತ್ತಿದ ಒಂದು ಸಣ್ಣ ಮುದ್ರೆ ಕಾಣುತ್ತದೆ. ಅದು ಅರಣ್ಯ ಇಲಾಖೆಯ ಮುದ್ರೆ. ಈ ಮರ ಕಳ್ಳಮಾಲಲ್ಲ, ಸರಕಾರದ ಅಪ್ಪಣೆಯಿಂದ ಹೊರಬಂದದ್ದು ಎಂಬುದಕ್ಕೆ ಅದೇ ಸಾಕ್ಷಿ. ಇತ್ತೀಚಿನ ಮೂವತ್ತು ವರ್ಷಗಳಲ್ಲಿ ಇನ್ನೊಂದು ಬಗೆಯ ಮುದ್ರೆ ಲೋಕದ ಪೇಟೆಗೆ ಬಂದಿದೆ. ಕಾಡನ್ನು ಹಾಳುಮಾಡದೆ, ಕಾಡಿನವರ ಹಕ್ಕನ್ನು ಕಸಿಯದೆ ಕಡಿದ ಮರವಿದು ಎಂದು ಸಾರುವ ಪ್ರಮಾಣಪತ್ರವೇ ಆ ಮುದ್ರೆ. ಒಳ್ಳೆಯ ಕಾಗದ, ಪೀಠೋಪಕರಣ ಮೊದಲಾದವುಗಳ ಮೇಲೆ ಅದರ ಗುರುತನ್ನು ಅನೇಕರು ಕಂಡಿರಬಹುದು. ಮರಕ್ಕೆ ಮುದ್ರೆಯೊತ್ತುವ ಅಧಿಕಾರ ಯಾರದು, ಆ ಮುದ್ರೆಯಿಂದ ಕಾಡಿನಲ್ಲಿಯೇ ಹುಟ್ಟಿ ಬೆಳೆದ ಜನಕ್ಕೆ ದೊರೆತುದೇನು ಎಂಬುದನ್ನು ಚರಿತ್ರೆಯ ಆಧಾರದಿಂದ ವಿಚಾರಿಸುವುದೇ ಈ ಲೇಖನದ ಉದ್ದೇಶ.

ಕಾಡಿಲ್ಲದ ನಮಗೆ ಈ ವಿಚಾರವೇಕೆ ಎಂದು ವಾಚಕರು ಕೇಳಬಹುದು. ನಮ್ಮ ಜಿಲ್ಲೆಯ ಚರಿತ್ರೆಯಲ್ಲಿ ಈ ವಿಚಾರದ ಬೇರುಗಳು ಆಳವಾಗಿ ಇಳಿದಿವೆ. ಯುಗಾದಿಯ ಸಮಯದಲ್ಲಿ ಶ್ರೀಶೈಲಕ್ಕೆ ಕಾಲ್ನಡಿಗೆಯಲ್ಲಿ ಹೋಗುವ ಕನ್ನಡಿಗರು ಆತ್ಮಕೂರು, ವೆಂಕಟಾಪುರ, ನಾಗಲೂಟಿ, ಪೆಚ್ಚೆರುವು, ಭೀಮನಕೊಳ್ಳದ ಮಾರ್ಗವಾಗಿ ನಲ್ಲಮಲದ ದಟ್ಟಡವಿಯನ್ನು ದಾಟುತ್ತಾರೆ. ಆ ಅಡವಿ ಚೆಂಚರ ಮನೆ. ಮಲ್ಲಯ್ಯನು ಚೆಂಚರ ಹೆಣ್ಣನ್ನು ವರಿಸಿದನೆಂಬ ಕಥೆಯನ್ನು ಆ ದಾರಿಯ ಯಾತ್ರಿಕರು ಕೇಳಿಯೇ ಇರುತ್ತಾರೆ. ಅಕ್ಕಮಹಾದೇವಿಯ ಕದಳೀವನವೂ ಆ ಕಾಡಿನೊಳಗೇ ಇದೆ. ಆದುದರಿಂದ ನಲ್ಲಮಲದ ಸುಖದುಃಖ ನಮಗೆ ದೂರದ್ದಲ್ಲ.

ಮನ್ರೋ ಸಾಹೇಬನ ತೀರ್ಮಾನ

೧೮೦೦ರಲ್ಲಿ ನಿಜಾಮನು ಬಳ್ಳಾರಿ, ಆದವಾನಿ ಮೊದಲಾದ ಸೀಮೆಗಳನ್ನು ಕುಂಪಣಿಯ ಸರಕಾರಕ್ಕೆ ಬಿಟ್ಟುಕೊಟ್ಟನು. ಈ ದತ್ತಮಂಡಲದ ಮುಖ್ಯ ಕಲೆಕ್ಟರನಾಗಿ ಬಂದ ಥಾಮಸ್ ಮನ್ರೋ ೧೮೦೭ರವರೆಗೆ ಇಲ್ಲಿದ್ದು ರಯತವಾರಿ ಪದ್ಧತಿಗೆ ತಳಹದಿ ಹಾಕಿದುದು ಎಲ್ಲರಿಗೂ ತಿಳಿದ ಸಂಗತಿ. ಕಾಡಿನ ಬಗ್ಗೆ ಆತನು ಕೈಗೊಂಡ ತೀರ್ಮಾನ ಅಷ್ಟು ಪ್ರಸಿದ್ಧವಲ್ಲ.

ನೆಪೋಲಿಯನ್ನನ ಕಾಲದ ಯುದ್ಧಗಳಲ್ಲಿ ಇಂಗ್ಲೆಂಡಿನ ಹಡಗುಗಳಿಗೆ ಸಾಗುವಾನಿ ಬೇಕಾಯಿತು. ಪಶ್ಚಿಮ ಕರಾವಳಿಯ ಕಾಡುಗಳ ಮೇಲೆ ಕುಂಪಣಿ ೧೮೦೬ರಲ್ಲಿ ಕ್ಯಾಪ್ಟನ್ ವಾಟ್ಸನ್ ಎಂಬ ಅಧಿಕಾರಿಯನ್ನು ಅರಣ್ಯರಕ್ಷಕನೆಂಬ ಹೆಸರಿನಿಂದ ನೇಮಿಸಿತು. ಮರವೆಲ್ಲ ಸರಕಾರದ ಏಕಸ್ವಾಮ್ಯವಾಯಿತು. ತನ್ನ ಜಮೀನಿನ ಮರವನ್ನು ರೈತನು ಕಡಿಯಲಾರದೆ, ವ್ಯಾಪಾರಿಯು ಮಾರಲಾರದೆ ತೊಂದರೆಪಟ್ಟರು. ಮುಂದೆ ಮದ್ರಾಸಿನ ಗವರ್ನರನಾದ ಮನ್ರೋ ೧೮೨೩ರಲ್ಲಿ ಈ ಏಕಸ್ವಾಮ್ಯವನ್ನೂ ಆ ಅಧಿಕಾರಿಯ ಹುದ್ದೆಯನ್ನೂ ರದ್ದುಮಾಡಿದನು. ಮರಕ್ಕೆ ನ್ಯಾಯವಾದ ಬೆಲೆ ಕೊಟ್ಟರೆ ಜನರೇ ಅದನ್ನು ಬೆಳೆಸಿ ತಂದುಕೊಡುವರೆಂಬುದು ಆತನ ನಂಬಿಕೆಯಾಗಿತ್ತು. ೧೮೨೭ರ ಜುಲೈ ೬ರಂದು ಆತನು ವಾಂತಿಭೇದಿಯಿಂದ ತೀರಿಕೊಂಡುದು ನಮ್ಮ ನೆರೆಯ ಪತ್ತಿಕೊಂಡದಲ್ಲಿ.

ಮನ್ರೋವಿನ ತೀರ್ಮಾನ ಬಹುಕಾಲ ನಿಲ್ಲಲಿಲ್ಲ. ೧೮೫೬ರಲ್ಲಿ ಮದ್ರಾಸ್ ಪ್ರಾಂತಕ್ಕೆ ಅರಣ್ಯ ಇಲಾಖೆ ಬಂತು. ಹಿಂದೆ ಮೈಸೂರು ಸೀಮೆಯ ಶಿವಮೊಗ್ಗದಲ್ಲಿ ವೈದ್ಯನಾಗಿ ಕೆಲಸಮಾಡಿದ್ದ ಡಾಕ್ಟರ್ ಕ್ಲೆಗ್‌ಹಾರ್ನ್ ಅದರ ಮುಖ್ಯಸ್ಥನಾದನು. ಅದರ ಬೆನ್ನಿಗೇ ರೈಲು ಬಂತು. ಒಂದು ಮೈಲಿ ಹಳಿಗೆ ಸುಮಾರು ೧,೮೦೦ರಿಂದ ೨,೦೦೦ ಮರದ ಸ್ಲೀಪರುಗಳು ಬೇಕಾಗುತ್ತಿದ್ದವು; ಕೆಲವು ವರ್ಷಗಳಲ್ಲಿ ಅವು ಸವೆದು ಮತ್ತೆ ಹೊಸವು ಬೇಕಾಗುತ್ತಿದ್ದವು. ಗುಂತಕಲ್ಲು, ಆದವಾನಿಗಳ ಮೂಲಕ ರಾಯಚೂರಿಗೆ ೧೮೭೧ರಲ್ಲಿ ರೈಲುದಾರಿ ಮುಟ್ಟಿತು. ನಮ್ಮ ಹತ್ತಿ ಮದ್ರಾಸಿಗೂ ಮುಂಬಯಿಗೂ ಹೋಗುವಂತಾಯಿತೆಂಬುದು ನಿಜ. ಹಳಿಗೂ ಇಂಜಿನ್ನಿನ ಒಲೆಗೂ ಸುತ್ತಣ ಕಾಡು ಬಲಿಯಾಯಿತೆಂಬುದೂ ನಿಜ.

ಆ ವರ್ಷವೇ ಮದ್ರಾಸಿನ ರೆವಿನ್ಯೂ ಬೋರ್ಡು ಒಂದು ಗಟ್ಟಿಯಾದ ಆಕ್ಷೇಪವನ್ನು ಎತ್ತಿತ್ತು. ಈ ಪ್ರಾಂತದಲ್ಲಿ ಯಾವುದಾದರೊಂದು ಹಳ್ಳಿಯ ಎಲ್ಲೆಗೆ ಸೇರದ ಕಾಡು ಇಲ್ಲವೆನ್ನಬಹುದು; ಹಳ್ಳಿಗರು ಅನಾದಿಯಿಂದ ಅಲ್ಲಿ ಮೇವು, ಸೌದೆ, ಸೊಪ್ಪುಗಳ ಹಕ್ಕನ್ನು ಅನುಭವಿಸಿದ್ದಾರೆ; ಆದುದರಿಂದ ಇದೆಲ್ಲ ಸರಕಾರದ ಸ್ವತ್ತೆಂದು ಹೇಳಲಾಗದು ಎಂಬುದು ಆ ಬೋರ್ಡಿನ ವಾದ. ಈ ವಾದದ ಫಲವಾಗಿ ೧೮೭೮ರ ಭಾರತೀಯ ಅರಣ್ಯ ಕಾನೂನು ಮದ್ರಾಸಿಗೆ ಹತ್ತಲಿಲ್ಲ. ಆದರೆ ಬ್ರಾಂಡಿಸ್ ಎಂಬ ಜರ್ಮನ್ ಅರಣ್ಯತಜ್ಞನ ಸಲಹೆಯೂ ಸೇರಿ ೧೮೮೨ರಲ್ಲಿ ಮದ್ರಾಸ್ ಅರಣ್ಯ ಕಾನೂನು ಜಾರಿಗೆ ಬಂತು. ಕಾಯ್ದಿಟ್ಟ ಕಾಡು ಎಂಬ ಎಲ್ಲೆ ಬಿತ್ತು. ಸುತ್ತಿಗೆಯ ಮುದ್ರೆ, ಸಾಗಾಣಿಕೆಯ ರಹದಾರಿ, ಅರಣ್ಯದ ಚೌಕಿ, ಜುಲ್ಮಾನೆ ಇವೆಲ್ಲ ಹಳ್ಳಿಯ ನಿತ್ಯಜೀವನವನ್ನು ಹೊಕ್ಕವು. ನಿನ್ನೆಯವರೆಗೆ ವಾಡಿಕೆಯಾಗಿದ್ದುದು ಇಂದು ಕಳವು ಎನಿಸಿತು.

ಜನರ ಪ್ರತಿಭಟನೆ ಮತ್ತು ಪಂಚಾಯತಿಗಳು

ಇದಕ್ಕೆ ಜನರು ಸುಮ್ಮನೆ ತಲೆಬಾಗಲಿಲ್ಲ. ಜನರ ದೂರುಗಳನ್ನು ವಿಚಾರಿಸಿದ ಮದ್ರಾಸ್ ಅರಣ್ಯ ಸಮಿತಿ ೧೯೧೩ರಲ್ಲಿ, ರೈತರಿಗೆ ಬೇಕಾದ ಕಾಡುಗಳನ್ನು ಹಳ್ಳಿಯ ಪಂಚಾಯತಿಗಳ ವಶಕ್ಕೆ ಕೊಡಬಹುದೆಂದು ಸೂಚಿಸಿತು. ಅಸಹಕಾರದ ಚಳವಳಿಯ ಕಾಲದಲ್ಲಿ ನಲ್ಲಮಲದ ಆಚೆಯ ಮಗ್ಗುಲಿನ ಪಲ್ನಾಡಿನವರು ಪುಲ್ಲರಿಯನ್ನು, ಎಂದರೆ ನಮ್ಮ ಹುಲ್ಲುಬನ್ನಿಯನ್ನು, ಕೊಡಲೊಲ್ಲೆವೆಂದರು. ಅವರ ಮುಂದಾಳು ಕನ್ನೆಗಂಟಿ ಹನುಮಂತು ೧೯೨೨ರಲ್ಲಿ ಪೊಲೀಸರ ಗುಂಡಿಗೆ ಬಲಿಯಾದನು. ಕನ್ನಡನಾಡಿನ ಅಂಕೋಲೆಯಲ್ಲಿ ೧೯೩೦ರಲ್ಲಿ ಉಪ್ಪಿನ ಸತ್ಯಾಗ್ರಹದೊಡನೆ ಅರಣ್ಯ ಸತ್ಯಾಗ್ರಹವೂ ನಡೆಯಿತು.

ಈ ನಡುವೆ ಉತ್ತರ ಕನ್ನಡದಲ್ಲಿ ನಡೆದ ಒಂದು ಪ್ರಯೋಗವನ್ನು ಇಲ್ಲಿ ನೆನೆಯಲೇಬೇಕು. ಕಾಲಿನ್ಸ್ ಎಂಬ ಅಧಿಕಾರಿಯ ವರದಿಯ ಮೇರೆಗೆ ಕುಮಟಾ ಸೀಮೆಯಲ್ಲಿ ೧೯೨೦ರ ದಶಕದಿಂದ ಗ್ರಾಮ ಅರಣ್ಯ ಪಂಚಾಯತಿಗಳು ಹುಟ್ಟಿದವು. ಹಳಕಾರದ ಪಂಚಾಯತಿ ಇವುಗಳಲ್ಲಿ ಹೆಸರಾದುದು. ಊರವರೇ ಸೇರಿ ಕಾವಲುಗಾರನನ್ನು ನೇಮಿಸಿದರು; ಎಷ್ಟು ಸೌದೆ, ಎಷ್ಟು ಸೊಪ್ಪು ಯಾರಿಗೆಂದು ಗೊತ್ತುಮಾಡಿದರು; ಸಾಮಾನ್ಯವಾಗಿ ಬೋಳಾಗುವ ಊರಂಚಿನ ಗುಡ್ಡದಲ್ಲಿ ಕಾಡು ಉಳಿಯಿತು. ೧೯೭೯ರಲ್ಲಿ ಕರ್ನಾಟಕ ಸರಕಾರ ಈ ಪಂಚಾಯತಿಗಳನ್ನು ರದ್ದುಮಾಡಿದಾಗ ಹಳಕಾರದವರು ನ್ಯಾಯಾಲಯದ ಮೊರೆಹೊಕ್ಕು ತಮ್ಮ ಪಂಚಾಯತಿಯನ್ನು ಉಳಿಸಿಕೊಂಡರು. ಸಮುದಾಯದ ಅರಣ್ಯಪಾಲನೆ ಎಂದು ಇಂದು ದೊಡ್ಡ ಸಭೆಗಳಲ್ಲಿ ಹೇಳುವುದನ್ನು ಈ ಕನ್ನಡ ಹಳ್ಳಿಯವರು ನೂರು ವರ್ಷಗಳ ಹಿಂದೆಯೇ ಮಾಡಿ ತೋರಿಸಿದರೆಂಬುದು ಅಭಿಮಾನದ ಸಂಗತಿ.

ನಮ್ಮ ಕಡೆಯ ಮಾತು ಬೇರೆಯಾಯಿತು. ೧೯೫೩ರ ಅಕ್ಟೋಬರ್ ೧ರಂದು ಬಳ್ಳಾರಿ ಜಿಲ್ಲೆ ಒಡೆದು ಆದವಾನಿ, ಆಲೂರು ತಾಲೂಕುಗಳು ಕರ್ನೂಲು ಜಿಲ್ಲೆಗೆ ಸೇರಿದವು. ಅಲ್ಲಿಯವರೆಗೆ ಒಂದೇ ಮದ್ರಾಸ್ ಕಾನೂನಿಗೆ ಒಳಪಟ್ಟಿದ್ದ ಬಳ್ಳಾರಿಯ ಗುಡ್ಡಗಳು ಮುಂದೆ ೧೯೬೩ರ ಕರ್ನಾಟಕ ಅರಣ್ಯ ಕಾನೂನಿನ ಕೆಳಗೂ, ನಮ್ಮ ಗುಡ್ಡಗಳು ೧೯೬೭ರ ಆಂಧ್ರಪ್ರದೇಶ ಅರಣ್ಯ ಕಾನೂನಿನ ಕೆಳಗೂ ಬಂದವು. ಮಳೆಯೂ ಒಂದೇ, ಜಾಲಿಯೂ ಒಂದೇ. ರಹದಾರಿ ಮಾತ್ರ ಎರಡಾಯಿತು.

ನಲ್ಲಮಲದ ಚೆಂಚರು

ಕರ್ನೂಲಿನ ನವಾಬನ ಸೀಮೆಯನ್ನು ಕುಂಪಣಿ ೧೮೩೯ರಲ್ಲಿ ವಶಪಡಿಸಿಕೊಂಡಾಗ ನಲ್ಲಮಲವೂ ಅದರ ಕೈಸೇರಿತು. ಕ್ಯಾಪ್ಟನ್ ನ್ಯೂಬೋಲ್ಡ್ ಎಂಬಾತನು ಚೆಂಚರ ಜೀವನವನ್ನು ಕುರಿತು ೧೮೪೫ರಲ್ಲಿಯೇ ಬರೆದಿರುವನು. ಮುಂದೆ ನಿಜಾಮನ ಕಡೆಯ ಅಮರಾಬಾದ್ ಪ್ರಸ್ಥಭೂಮಿಯ ಚೆಂಚರ ನಡುವೆ ಇದ್ದು ಅಭ್ಯಾಸಮಾಡಿದ ಫ್ಯೂರರ್ ಹೈಮೆನ್‌ಡಾರ್ಫ್ ೧೯೪೩ರಲ್ಲಿ ದೊಡ್ಡ ಗ್ರಂಥವನ್ನೇ ಪ್ರಕಟಿಸಿದನು. ಗೆಡ್ಡೆಗೆಣಸು, ಜೇನು, ಇಪ್ಪೆಹೂವು, ಬೇಟೆಗಳಿಂದ ಚೆಂಚರು ಬದುಕಿದರು. ಬೆಟ್ಟದ ಯಾವ ಭಾಗ ಯಾವ ಬಳಗದ್ದೆಂಬುದನ್ನು ಅವರು ಅರಿತಿದ್ದರು. ಆ ಎಲ್ಲೆಗೆ ಕಲ್ಲು ನೆಟ್ಟಿರಲಿಲ್ಲ, ನಕಾಶೆ ಬರೆದಿರಲಿಲ್ಲ. ಹಳ್ಳ, ಕೊಳ್ಳ, ಬಂಡೆ, ಮರಗಳೇ ಗುರುತು.

ಸ್ವಾತಂತ್ರ್ಯದ ಅನಂತರ ಕಾಡಿನ ಬಿದಿರಿಗೆ ಕಾಗದದ ಕಾರ್ಖಾನೆಗಳ ಬೇಡಿಕೆ ಬಂತು. ಕನ್ನಡನಾಡಿನ ದಾಂಡೇಲಿಯ ಕಾರ್ಖಾನೆಗೆ ಬಿದಿರನ್ನು ಟನ್ನಿಗೆ ಒಂದೂವರೆ ರೂಪಾಯಿಯಂತೆ ಕೊಟ್ಟರೆಂದೂ, ಬುಟ್ಟಿ ಹೆಣೆಯುವ ಮೇದಾರರು ಅದೇ ಬಿದಿರಿಗೆ ಪೇಟೆಯಲ್ಲಿ ಅದರ ಎಷ್ಟೋ ಪಟ್ಟು ತೆರಬೇಕಾಯಿತೆಂದೂ ಮಾಧವ ಗಾಡಗೀಳರು ಎತ್ತಿತೋರಿಸಿರುವರು. ಬಿದಿರು ಕಡಿಯುವ ಕೂಲಿ ಕಾಡಿನವರಿಗೆ. ಬಿದಿರಿನ ಲಾಭ ಹೊರಗಿನವರಿಗೆ.

ಚೆಂಚರ ಹಿತಕ್ಕಾಗಿ ಸರಕಾರ ಏನೂ ಮಾಡಲಿಲ್ಲವೆಂದು ಹೇಳಲಾಗದು. ೧೯೫೬ರಲ್ಲಿ ವಿಶಾಖಪಟ್ಟಣದಲ್ಲಿ ಹುಟ್ಟಿದ ಗಿರಿಜನ ಸಹಕಾರ ಸಂಸ್ಥೆ ಜೇನು, ಹುಣಸೆ, ತಪಸಿ ಮರದ ಅಂಟು ಮೊದಲಾದವನ್ನು ಗಿರಿಜನರಿಂದ ಕೊಂಡು ಮಾರತೊಡಗಿತು. ದಳ್ಳಾಳಿಗಳ ಕಾಟ ಅಷ್ಟರಮಟ್ಟಿಗೆ ತಗ್ಗಿತು. ೧೯೭೦ರ ದಶಕದಲ್ಲಿ ಶ್ರೀಶೈಲದಲ್ಲಿ ಚೆಂಚರಿಗಾಗಿ ಸಮಗ್ರ ಗಿರಿಜನಾಭಿವೃದ್ಧಿ ಸಂಸ್ಥೆಯನ್ನು ತೆರೆಯಲಾಯಿತು. ಆದರೆ ಅದೇ ಕಾಡು ವನ್ಯಮೃಗಧಾಮವಾಗಿ, ೧೯೮೩ರಲ್ಲಿ ನಾಗಾರ್ಜುನಸಾಗರ ಶ್ರೀಶೈಲ ಹುಲಿ ಯೋಜನೆಗೆ ಸೇರಿತು. ಹುಲಿಯನ್ನು ಉಳಿಸಬೇಕೆಂಬುದರಲ್ಲಿ ಎರಡು ಮಾತಿಲ್ಲ. ಆದರೆ ಹುಲಿಯೊಡನೆ ಕಾಲಾಂತರದಿಂದ ಬಾಳಿದವನೇ ಹುಲಿಗೆ ಅಪಾಯವೆಂದು ಎಣಿಸುವಂತಾದುದು ಶೋಚನೀಯ. ೨೦೨೨ರಲ್ಲಿ ಕರ್ನೂಲು ಜಿಲ್ಲೆಯನ್ನು ವಿಭಜಿಸಿದಾಗ ಆತ್ಮಕೂರು, ಶ್ರೀಶೈಲಗಳು ನಂದ್ಯಾಲ ಜಿಲ್ಲೆಗೆ ಸೇರಿದವು. ನಮ್ಮ ಯಾತ್ರೆಯ ದಾರಿ ಮಾತ್ರ ಬದಲಾಗಿಲ್ಲ.

ಕಾನೂನಿನ ಹೊಸ ಅಧ್ಯಾಯ

೧೯೯೦ರ ಜೂನಿನಲ್ಲಿ ಕೇಂದ್ರ ಸರಕಾರವು ಹಳ್ಳಿಗರನ್ನು ಕಾಡಿನ ಪಾಲನೆಯಲ್ಲಿ ಸೇರಿಸಿಕೊಳ್ಳಬೇಕೆಂದು ರಾಜ್ಯಗಳಿಗೆ ಸೂಚಿಸಿತು. ಅದರಂತೆ ಆಂಧ್ರದಲ್ಲಿ ೧೯೯೨ರಿಂದ ವನಸಂರಕ್ಷಣ ಸಮಿತಿಗಳೂ, ಕರ್ನಾಟಕದಲ್ಲಿ ೧೯೯೩ರಿಂದ ಗ್ರಾಮ ಅರಣ್ಯ ಸಮಿತಿಗಳೂ ಏರ್ಪಟ್ಟವು. ೨೦೦೨ರಿಂದ ಆಂಧ್ರದ ಸಮಿತಿಗಳಿಗೆ ವಿಶ್ವಬ್ಯಾಂಕಿನ ಹಣವೂ ಬಂತು. ಅನೇಕ ಬೋಳುಗುಡ್ಡಗಳು ಹಸುರಾದವು, ಕೂಲಿ ದೊರೆಯಿತು. ಆದರೆ ಈ ಸಮಿತಿಗಳ ಬೇರು ಕಾನೂನಿನಲ್ಲಿರಲಿಲ್ಲ, ಸರಕಾರದ ಆಜ್ಞೆಯಲ್ಲಿತ್ತು. ಯೋಜನೆಯ ಹಣ ತೀರಿದೊಡನೆ ಎಷ್ಟೋ ಸಮಿತಿಗಳ ಪುಸ್ತಕ ಪೆಟ್ಟಿಗೆ ಸೇರಿತು. ಸಮಿತಿಯ ಖಾತೆಯಲ್ಲಿ ಅರಣ್ಯಾಧಿಕಾರಿಯ ರುಜುವಿಲ್ಲದೆ ಕೆಲಸ ನಡೆಯದಿದ್ದಾಗ, ಪಾಲುದಾರನೆಂದು ಕರೆಸಿಕೊಂಡವನು ಕೂಲಿಕಾರನಾಗಿಯೇ ಉಳಿದನು.

ನಿಜವಾದ ತಿರುವು ಬಂದುದು ಸಂಸತ್ತು ೨೦೦೬ರಲ್ಲಿ ಅಂಗೀಕರಿಸಿದ ಅರಣ್ಯಹಕ್ಕುಗಳ ಕಾನೂನಿನಿಂದ. ಕಾಡಿನ ಜನರಿಗೆ ಚಾರಿತ್ರಿಕವಾದ ಅನ್ಯಾಯ ನಡೆದಿದೆಯೆಂದು ಆ ಕಾನೂನಿನ ಪೀಠಿಕೆಯೇ ಒಪ್ಪಿಕೊಳ್ಳುತ್ತದೆ. ಉಳುವ ತುಂಡುಭೂಮಿಗೆ ಹಕ್ಕುಪತ್ರ ಕೊಡುವುದಷ್ಟೇ ಅಲ್ಲದೆ, ಊರು ಪರಂಪರೆಯಿಂದ ಕಾಪಾಡಿದ ಕಾಡನ್ನು ಆಳುವ ಹಕ್ಕನ್ನು ಗ್ರಾಮಸಭೆಗೆ ಅದು ಕೊಡುತ್ತದೆ.

ಈ ಹಕ್ಕಿನ ಬೆಲೆಯನ್ನು ತಿಳಿಯಲು ಎರಡು ನಿದರ್ಶನಗಳು ಸಾಕು. ಮೊದಲನೆಯದು ಮಹಾರಾಷ್ಟ್ರದ ಗಡಚಿರೋಲಿ ಜಿಲ್ಲೆಯ ಮೆಂಢಾ ಎಂಬ ಗೊಂಡರ ಹಳ್ಳಿ. ಸುಮಾರು ೧,೮೦೦ ಹೆಕ್ಟೇರು ಕಾಡಿನ ಮೇಲೆ ಆ ಹಳ್ಳಿಗೆ ೨೦೦೯ರಲ್ಲಿ ಸಮುದಾಯದ ಹಕ್ಕು ದೊರೆಯಿತು. ಆದರೆ ಬಿದಿರು ಹುಲ್ಲೋ ಮರವೋ ಎಂಬ ತರ್ಕ ಎದ್ದಿತು. ಸಸ್ಯಶಾಸ್ತ್ರದಲ್ಲಿ ಅದು ಹುಲ್ಲು. ಅರಣ್ಯ ಕಾನೂನಿನಲ್ಲಿ ಮರ. ಕಡಿದ ಬಿದಿರನ್ನು ಸಾಗಿಸಲು ರಹದಾರಿ ದೊರೆಯದೆ ಹಳ್ಳಿ ಕಾಯಬೇಕಾಯಿತು. ಕೊನೆಗೆ ೨೦೧೧ರ ಏಪ್ರಿಲಿನಲ್ಲಿ ಅಂದಿನ ಕೇಂದ್ರಮಂತ್ರಿ ಜೈರಾಂ ರಮೇಶರು ಮೆಂಢಾಕ್ಕೆ ಬಂದು ರಹದಾರಿಯ ಪುಸ್ತಕವನ್ನು ಊರಿನ ಮುಂದಾಳು ದೇವಾಜಿ ತೋಫಾರ ಕೈಗೆ ಕೊಟ್ಟರು. ೧೮೮೨ರಿಂದ ನಾವು ನೋಡುತ್ತ ಬಂದ ಚರಿತ್ರೆಯಲ್ಲಿ ಇದು ಸಣ್ಣ ಘಟನೆಯಲ್ಲ. ಮುದ್ರೆಯ ಸುತ್ತಿಗೆ ಇಲಾಖೆಯ ಕೈಯಿಂದ ಗ್ರಾಮಸಭೆಯ ಕೈಗೆ ಬಂದಂತಾಯಿತು.

ಎರಡನೆಯದು ಕನ್ನಡದ ನೆಲದ್ದು. ಬಿಳಿಗಿರಿರಂಗನ ಬೆಟ್ಟದ ಸೋಲಿಗರು ನೆಲ್ಲಿಕಾಯಿ, ಜೇನು, ಪಾಚಿಗಳನ್ನು ಸಂಗ್ರಹಿಸಿ ಸಹಕಾರ ಸಂಘದ ಮೂಲಕ ಮಾರಿ ಜೀವಿಸುತ್ತಿದ್ದರು. ೧೯೭೨ರ ವನ್ಯಜೀವಿ ಕಾನೂನಿಗೆ ೨೦೦೨ರಲ್ಲಿ ಆದ ತಿದ್ದುಪಡಿಯ ಫಲವಾಗಿ ಮುಂದಿನ ವರ್ಷಗಳಲ್ಲಿ ಆ ಸಂಗ್ರಹ ನಿಂತಿತು. ಸಂಸಾರಗಳು ಕಾಫಿತೋಟದ ಕೂಲಿಗೆ ಹೋದವು. ೨೦೧೧ರಲ್ಲಿ ಬೆಟ್ಟ ಹುಲಿಧಾಮವೆಂದು ಘೋಷಿತವಾಯಿತು; ಅದೇ ವರ್ಷ ಅಲ್ಲಿನ ೨೫ ಗ್ರಾಮಸಭೆಗಳಿಗೆ ಸಮುದಾಯದ ಅರಣ್ಯಹಕ್ಕೂ ದೊರೆಯಿತು. ಹುಲಿಧಾಮದೊಳಗೆ ಇಂಥ ಹಕ್ಕು ದೊರೆತುದು ದೇಶದಲ್ಲಿ ಅದೇ ಮೊದಲು. ಬೇಸಿಗೆಯ ಮೊದಲಿಗೆ ನೆಲದ ತರಗೆಲೆಗೆ ಮಾತ್ರ ಸಣ್ಣ ಬೆಂಕಿಯಿಡುವ ‘ತರಗು ಬೆಂಕಿ’ಯ ಪದ್ಧತಿ ಸೋಲಿಗರದು. ಅದನ್ನು ನಿಷೇಧಿಸಿದ ಮೇಲೆ ಲಂಟಾನದ ಪೊದೆ ಬೆಟ್ಟವನ್ನು ಮುಸುಕಿತು, ನೆಲ್ಲಿಯ ಮರಕ್ಕೆ ಉಪ್ಪಿಲು ಎಂಬ ಬದನಿಕೆ ಹೆಚ್ಚಿತು ಎಂಬುದು ಅವರ ಅನುಭವ. ಸಂಶೋಧಕರೂ ಈ ಅನುಭವವನ್ನು ಗೌರವದಿಂದ ದಾಖಲಿಸಿರುವರು. ಕಾಡನ್ನು ಬಲ್ಲವರ ತಿಳಿವಳಿಕೆಯನ್ನು ಅಲಕ್ಷಿಸಿದರೆ ಕಾಡಿಗೂ ಕೇಡೆಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಕಿಲ್ಲ.

ಲೋಕದ ಪೇಟೆಯ ಮುದ್ರೆ

ಇನ್ನು ಹೊಸ ಮುದ್ರೆಯ ವಿಚಾರಕ್ಕೆ ಬರೋಣ. ಉಷ್ಣವಲಯದ ಕಾಡುಗಳು ನಾಶವಾಗುತ್ತಿರುವುದನ್ನು ಕಂಡು ಪಾಶ್ಚಾತ್ಯ ದೇಶಗಳಲ್ಲಿ ಅಂಥ ಮರವನ್ನು ಕೊಳ್ಳಬಾರದೆಂಬ ಚಳವಳಿ ೧೯೮೦ರ ದಶಕದಲ್ಲಿ ಹುಟ್ಟಿತು. ಎಲ್ಲ ಮರವನ್ನೂ ಬಹಿಷ್ಕರಿಸುವುದಕ್ಕಿಂತ ಒಳ್ಳೆಯ ಮರವನ್ನು ಗುರುತಿಸುವುದು ಮೇಲೆಂದು ಬಗೆದವರು ೧೯೯೩ರಲ್ಲಿ ಕೆನಡಾದ ಟೊರಾಂಟೋ ನಗರದಲ್ಲಿ ಸಭೆ ಸೇರಿ ಅರಣ್ಯಪಾಲನಾ ಪರಿಷತ್ತನ್ನು ಸ್ಥಾಪಿಸಿದರು. ಎಫ್.ಎಸ್.ಸಿ. ಎಂಬ ಮೂರಕ್ಷರದಿಂದ ಅದು ಪ್ರಸಿದ್ಧವಾಗಿದೆ. ಅದರ ಹತ್ತು ತತ್ತ್ವಗಳಲ್ಲಿ ಮೂರನೆಯದು ಮೂಲನಿವಾಸಿಗಳ ಹಕ್ಕನ್ನು ಕುರಿತದ್ದು. ಅವರ ಕಾಡಿನಲ್ಲಿ ಏನನ್ನೇ ಮಾಡುವ ಮೊದಲು, ಎಲ್ಲವನ್ನೂ ತಿಳಿಸಿ, ಬಲವಂತವಿಲ್ಲದೆ ಅವರ ಸಮ್ಮತಿಯನ್ನು ಪಡೆಯಬೇಕೆಂಬುದು ಅದರ ಸಾರ.

ಪರಿಷತ್ತು ತಾನೇ ಪತ್ರ ಕೊಡುವುದಿಲ್ಲ. ಸ್ವತಂತ್ರವಾದ ತಪಾಸಣಾ ಸಂಸ್ಥೆಗಳು ಕಾಡಿಗೆ ಬಂದು ನೋಡಿ ಕೊಡುತ್ತವೆ. ಪತ್ರದ ಅವಧಿ ಐದು ವರ್ಷ. ನಡುವೆ ಪ್ರತಿವರ್ಷವೂ ತಪಾಸಣೆ. ಎಲ್ಲೆಯ ನಕಾಶೆ, ಮರಗಳ ಗಣತಿ, ವರ್ಷಕ್ಕೆ ಎಷ್ಟು ಬೆಳೆದು ಎಷ್ಟು ಕಡಿಯಬಹುದೆಂಬ ಲೆಕ್ಕ, ಕೆಲಸಗಾರರ ರಕ್ಷಣೆಯ ವಿವರ, ಅಪರೂಪದ ಪ್ರಾಣಿಸಸ್ಯಗಳ ಪಟ್ಟಿ ಇವೆಲ್ಲ ಬೇಕು. ಕಾಡಿನಿಂದ ಹೊರಟ ಮರ ಕೊಯ್ಯುವ ಕಾರ್ಖಾನೆ, ವ್ಯಾಪಾರಿ, ಬಡಗಿಗಳ ಕೈದಾಟಿ ಕೊಳ್ಳುವವನನ್ನು ಮುಟ್ಟುವವರೆಗೆ ಪ್ರತಿಯೊಬ್ಬನ ಲೆಕ್ಕವೂ ಹೊಂದಿಬರಬೇಕು.

ಇದರಿಂದ ಮೂಲನಿವಾಸಿಗಳಿಗೆ ಲಾಭವಾದುದುಂಟು. ಅಮೆರಿಕದ ವಿಸ್ಕಾನ್ಸಿನ್ ರಾಜ್ಯದ ಮೆನಾಮಿನಿ ಜನರು ೧೮೫೪ರ ಒಡಂಬಡಿಕೆಯಿಂದ ಉಳಿದ ಸುಮಾರು ೨,೩೫,೦೦೦ ಎಕರೆ ನೆಲದಲ್ಲಿ ಕಾಡನ್ನು ಬೆಳೆಸಿದರು. ಅಂದಿನಿಂದ ಅಪಾರ ಮರವನ್ನು ಕಡಿದು ಮಾರಿದ ಮೇಲೆಯೂ ಅಲ್ಲಿ ನಿಂತಿರುವ ಮರದ ಪ್ರಮಾಣ ಒಡಂಬಡಿಕೆಯ ಕಾಲಕ್ಕಿಂತ ಹೆಚ್ಚಾಗಿದೆ. ೧೯೯೦ರ ದಶಕದ ಆದಿಯಲ್ಲಿಯೇ ಅವರ ಮರಕ್ಕೆ ಪ್ರಮಾಣಪತ್ರ ದೊರೆಯಿತು. ಮಧ್ಯ ಅಮೆರಿಕದ ಗ್ವಾಟೆಮಾಲ ದೇಶದ ಪೆತೇನ್ ಪ್ರಾಂತದಲ್ಲಿ, ಮಾಯಾ ಜೀವಗೋಳಧಾಮದ ಕಾಡನ್ನು ಹಳ್ಳಿಗಳ ಸಂಘಗಳಿಗೆ ೧೯೯೦ರ ದಶಕದಲ್ಲಿ ೨೫ ವರ್ಷಗಳ ಒಪ್ಪಂದದ ಮೇಲೆ ವಹಿಸಿದರು. ಮೂರು ವರ್ಷದೊಳಗೆ ಪ್ರಮಾಣಪತ್ರ ಪಡೆಯಬೇಕೆಂಬುದು ಅದರ ಷರತ್ತು. ನೆರೆಯ ರಕ್ಷಿತ ಉದ್ಯಾನದಲ್ಲಿ ಕಾಡು ಸುಟ್ಟು ದನಗಳ ಹುಲ್ಲುಗಾವಲಾದಾಗ, ಈ ಸಂಘಗಳ ಕಾಡು ಬಹುಮಟ್ಟಿಗೆ ಉಳಿದುಕೊಂಡಿತು.

ಈ ಎರಡು ಕಡೆಯಲ್ಲಿಯೂ ಗಮನಿಸತಕ್ಕ ಅಂಶ ಒಂದೇ. ಒಂದು ಕಡೆ ಒಡಂಬಡಿಕೆ, ಇನ್ನೊಂದು ಕಡೆ ದೀರ್ಘಕಾಲದ ಒಪ್ಪಂದ; ಹೀಗೆ ನೆಲದ ಮೇಲಿನ ಹಕ್ಕು ಮೊದಲು ಬಂತು, ಮುದ್ರೆ ಆಮೇಲೆ ಬಂತು. ಹಕ್ಕು ಅಳ್ಳಕವಾದ ಕಡೆ ಮುದ್ರೆಯೊಂದೇ ಯಾರನ್ನೂ ಕಾಪಾಡಿಲ್ಲ. ಹಕ್ಕು ಇದ್ದ ಕಡೆಯಲ್ಲಿಯೂ ತಪಾಸಣೆಯ ವೆಚ್ಚವೇ ಹೊರೆಯಾಗಿ, ಮೆಕ್ಸಿಕೋ ದೇಶದ ಕೆಲವು ಹಳ್ಳಿಗಳು ಪತ್ರವನ್ನು ಕೈಬಿಟ್ಟುದುಂಟು. ಮುದ್ರೆಯಿದ್ದ ಮರಕ್ಕೆ ಪೇಟೆಯಲ್ಲಿ ಹೆಚ್ಚು ಬೆಲೆ ದೊರೆಯುವುದೆಂಬ ಭರವಸೆಯಿಲ್ಲ; ತಪಾಸಣೆಯ ಫೀಜು ಮಾತ್ರ ತಪ್ಪದು. ಪರಿಷತ್ತು ಸಣ್ಣ ಕಾಡುಗಳಿಗೆ ನಿಯಮಗಳನ್ನು ಸಡಿಲಿಸಿ, ಹಲವರು ಸೇರಿ ಒಂದೇ ಪತ್ರ ಪಡೆಯಲು ಅವಕಾಶ ಕೊಟ್ಟಿದೆ. ಆದರೂ ಲೋಕದಲ್ಲಿ ಮುದ್ರೆ ಪಡೆದ ಕಾಡಿನ ಹೆಚ್ಚಿನ ಭಾಗ ಇರುವುದು ಯುರೋಪು ಮತ್ತು ಉತ್ತರ ಅಮೆರಿಕಗಳಲ್ಲಿ. ಯಾವ ಉಷ್ಣವಲಯದ ಕಾಡನ್ನು ಕಾಪಾಡಲು ಮುದ್ರೆ ಹುಟ್ಟಿತೋ ಆ ಕಾಡಿಗೆ ಅದು ಇನ್ನೂ ದೂರದ ವಸ್ತು.

ಭಾರತದ ಇಕ್ಕಟ್ಟು

ನಮ್ಮ ದೇಶದಲ್ಲಿ ಇನ್ನೊಂದು ತೊಡಕಿದೆ. ಅರಣ್ಯಹಕ್ಕುಗಳ ಕಾನೂನು ಗ್ರಾಮಸಭೆಗೆ ಬಿದಿರು, ಬೆತ್ತ, ಜೇನು, ಮೇಣ, ಅರಗು, ಬೀಡಿ ಎಲೆ, ಗಿಡಮೂಲಿಕೆಗಳಂಥ ಕಿರುಉತ್ಪನ್ನಗಳ ಒಡೆತನವನ್ನು ಕೊಟ್ಟಿದೆಯೇ ಹೊರತು ಮರವನ್ನು ಮಾರುವ ಹಕ್ಕನ್ನು ಕೊಟ್ಟಿಲ್ಲ. ಆದುದರಿಂದ ಮರದ ಪ್ರಮಾಣಪತ್ರ ನಮ್ಮಲ್ಲಿ ಗಿರಿಜನರ ಕಾಡಿಗಿಂತ ಮೊದಲು ರೈತರ ತೋಪುಗಳಿಗೆ ಬಂದುದು ಆಶ್ಚರ್ಯವಲ್ಲ. ಭದ್ರಾಚಲದ ಕಾಗದದ ಕಾರ್ಖಾನೆಗಾಗಿ ರೈತರು ತಮ್ಮ ಜಮೀನಿನಲ್ಲಿ ಬೆಳೆದ ನೀಲಗಿರಿ, ಸುಬಾಬುಲ್ ತೋಪುಗಳಿಗೆ ಅದು ದೊರೆತಿದೆ. ೨೦೨೩ರ ಡಿಸೆಂಬರಿನಲ್ಲಿ ಕೇಂದ್ರ ಸರಕಾರ ನಮ್ಮದೇ ಆದ ಭಾರತೀಯ ಅರಣ್ಯ ಮತ್ತು ಮರ ಪ್ರಮಾಣೀಕರಣ ಯೋಜನೆಯನ್ನು ಪ್ರಾರಂಭಿಸಿತು. ಭೋಪಾಲಿನ ಭಾರತೀಯ ಅರಣ್ಯಾಡಳಿತ ಸಂಸ್ಥೆಗೆ ಅದರ ನಿರ್ವಹಣೆಯನ್ನು ವಹಿಸಲಾಗಿದೆ. ಪರದೇಶದ ಮುದ್ರೆಗಿಂತ ಕಡಿಮೆ ವೆಚ್ಚದಲ್ಲಿ ಪತ್ರ ದೊರೆಯುವಂತಾದರೆ ಅದು ಸ್ವಾಗತಾರ್ಹ. ಬಿದಿರು ಸಹ ೨೦೧೭ರ ತಿದ್ದುಪಡಿಯಿಂದ ಕಾನೂನಿನ ಮರದ ಪಟ್ಟಿಯಿಂದ ಹೊರಬಂದಿದೆ. ಆದುದರಿಂದ ಗಿರಿಜನರ ಪಾಲಿಗೆ ಮುದ್ರೆಯ ಮೊದಲ ಮೆಟ್ಟಿಲು ಸಾಗುವಾನಿಯಲ್ಲ. ಬಿದಿರು, ಜೇನು, ಅಂಟು.

ಮುದ್ರೆಯಿಲ್ಲದ ಮರದ ಕಥೆ ಎಷ್ಟು ದಾರುಣವಾಗಬಲ್ಲದೆಂಬುದನ್ನು ನಮ್ಮ ರಾಯಲಸೀಮೆಯೇ ಕಂಡಿದೆ. ಶೇಷಾಚಲದ ರಕ್ತಚಂದನಕ್ಕೆ ಪರದೇಶಗಳಲ್ಲಿ ಅಪಾರ ಬೆಲೆ. ಅದರ ವ್ಯಾಪಾರವನ್ನು ೧೯೯೫ರಿಂದ ಅಂತರರಾಷ್ಟ್ರೀಯ ಒಪ್ಪಂದವು ಹಿಡಿತದಲ್ಲಿಟ್ಟಿದೆ. ಆದರೂ ಕಳ್ಳಸಾಗಣೆ ನಿಂತಿಲ್ಲ. ೨೦೧೫ರ ಏಪ್ರಿಲ್ ೭ರಂದು ಆ ಬೆಟ್ಟದಲ್ಲಿ ಪೊಲೀಸರ ಗುಂಡಿಗೆ ೨೦ ಮಂದಿ ಸತ್ತರು. ಅವರು ತಮಿಳುನಾಡಿನ ಬಡ ಕೂಲಿಗಳು. ಅವರಲ್ಲಿ ಹಲವರು ಜವ್ವಾದಿ ಬೆಟ್ಟದ ಸೀಮೆಯ ಗಿರಿಜನರು. ಮರ ಕೊಳ್ಳುವ ಶ್ರೀಮಂತನು ದೂರದಲ್ಲಿದ್ದನು; ಕೊಡಲಿ ಹಿಡಿದ ಬಡವನು ಗುಂಡಿನ ಎದುರಿಗಿದ್ದನು. ಕಾಡಿನ ಸಂಪತ್ತಿನಲ್ಲಿ ನ್ಯಾಯವಾದ ಪಾಲು ಇಲ್ಲದವನನ್ನು ಅನ್ಯಾಯದ ಕೂಲಿ ಸುಲಭವಾಗಿ ಸೆಳೆಯುತ್ತದೆ.

ಕಾಗದದ ಭಾಷೆ

ಗಡಿಯ ಕನ್ನಡಿಗರಿಗೆ ಇತರರಿಗಿಂತ ಬೇಗ ಅರ್ಥವಾಗುವ ಇನ್ನೊಂದು ಸಂಕಟ ಇದರಲ್ಲಿ ಅಡಗಿದೆ. ಪ್ರಮಾಣಪತ್ರದ ನಿಯಮ, ನಕಾಶೆ, ವರದಿ ಎಲ್ಲವೂ ಇಂಗ್ಲಿಷಿನಲ್ಲಿ. ಪೆಚ್ಚೆರುವಿನ ಚೆಂಚು ಮುದುಕನಿಗೆ ಯಾವ ಕೊಳ್ಳದಲ್ಲಿ ಯಾವಾಗ ಜೇನು ಕಟ್ಟುವುದೆಂಬುದು ಗೊತ್ತು. ಅದನ್ನು ಆ ಕಾಗದದ ಭಾಷೆಯಲ್ಲಿ ಹೇಳಲು ಬಾರದು. ಬಾಯಲ್ಲಿ ಇರುವ ತಿಳಿವಳಿಕೆ ಕಾಗದದಲ್ಲಿ ಇಲ್ಲದಿದ್ದರೆ ತಪಾಸಣೆಯವನ ಕಣ್ಣಿಗೆ ಅದು ಇಲ್ಲವೇ ಇಲ್ಲ. ಮನೆಯಲ್ಲಿ ಕನ್ನಡ, ಅಡಂಗಲ್ಲಿನಲ್ಲಿ ತೆಲುಗು, ನ್ಯಾಯಾಲಯದಲ್ಲಿ ಇಂಗ್ಲಿಷು ಎಂಬ ಸ್ಥಿತಿಯಲ್ಲಿ ೧೯೫೩ರಿಂದ ಬಾಳಿದ ನಮ್ಮ ಕುಟುಂಬಗಳಿಗೆ ಇದನ್ನು ವಿವರಿಸಿ ಹೇಳಬೇಕಾದ ಅಗತ್ಯವಿಲ್ಲ. ತನ್ನ ಹೊಲದ ಲೆಕ್ಕವನ್ನು ಇನ್ನೊಬ್ಬನಿಂದ ಓದಿಸಿಕೊಳ್ಳಬೇಕಾದವನು ಆ ಇನ್ನೊಬ್ಬನ ಕೈಯಲ್ಲಿರುತ್ತಾನೆ. ಸಮ್ಮತಿ ಎಂಬುದು ತಿಳಿದು ಕೊಟ್ಟದ್ದಾಗಬೇಕಾದರೆ ಕೇಳುವವರು ಕೊಡುವವರ ಮಾತಿನಲ್ಲಿಯೇ ಕೇಳಬೇಕು. ಕನ್ನಡ ಶಾಲೆಗಾಗಿ, ಕನ್ನಡದ ಅರ್ಜಿಗಾಗಿ ನಾವು ಆಡುವ ಮಾತಿಗೂ, ಚೆಂಚರಿಗೆ ಅವರ ಮಾತಿನಲ್ಲಿಯೇ ಅರಣ್ಯದ ಕಾಗದ ತಿಳಿಯಬೇಕೆನ್ನುವ ಮಾತಿಗೂ ನ್ಯಾಯದಲ್ಲಿ ಭೇದವಿಲ್ಲ.

ಇಷ್ಟರಿಂದ ತಿಳಿದುಬರುವುದೇನು? ೧೮೨೩ರ ಮನ್ರೋ ಮರದ ಬೆಲೆಯನ್ನು ಜನರಿಗೆ ಬಿಟ್ಟನು; ಆದರೆ ಕಾಡಿನ ಹಕ್ಕನ್ನು ಕಾನೂನಿನಲ್ಲಿ ಬರೆಯಲಿಲ್ಲ. ಆದುದರಿಂದ ೧೮೮೨ರ ಸರಕಾರ ಅದನ್ನು ಸುಲಭವಾಗಿ ಹಿಂತೆಗೆದುಕೊಂಡಿತು. ೧೯೯೨ರ ಸಮಿತಿಗಳು ಕೆಲಸ ಕೊಟ್ಟವು, ಒಡೆತನ ಕೊಡಲಿಲ್ಲ. ಹಳಕಾರ, ಮೆಂಢಾ, ಬಿಳಿಗಿರಿ, ಮೆನಾಮಿನಿ ಇವುಗಳಲ್ಲಿ ಎಲ್ಲಿ ಜನರು ಹಕ್ಕನ್ನು ಗಟ್ಟಿಯಾಗಿ ಹಿಡಿದರೋ ಅಲ್ಲಿ ಜನರಿಗೆ ಕಾಡಿನ ಪಾಲನೆಯೂ ಸಾಧ್ಯವಾಯಿತು, ಪೇಟೆಯವರೊಡನೆ ಸರಿಸಮವಾಗಿ ಮಾತನಾಡುವ ಬಲವೂ ಬಂತು. ಮೊದಲು ಹಕ್ಕು, ಆಮೇಲೆ ಲೆಕ್ಕ, ಕೊನೆಗೆ ಮುದ್ರೆ. ಈ ಕ್ರಮವನ್ನು ತಲೆಕೆಳಗು ಮಾಡಿದರೆ ಮುದ್ರೆಯು ಕೊಳ್ಳುವವನ ಮನಸ್ಸಮಾಧಾನಕ್ಕೆ ಮಾತ್ರ ಉಪಯೋಗವಾದೀತು.

ನಮ್ಮಂಥ ಸಣ್ಣ ಊರಿನವರಿಗೆ ಈ ವಿಷಯದಲ್ಲಿ ಮಾಡಬಹುದಾದ ಕಾರ್ಯಗಳೂ ಉಂಟು. ಮನೆ ಕಟ್ಟಿಸುವವರು ಅಡ್ಡೆಯಲ್ಲಿ ಮರ ಕೊಳ್ಳುವಾಗ ಅದು ಎಲ್ಲಿಂದ ಬಂತೆಂದು ಕೇಳಲಿ, ರಹದಾರಿಯನ್ನು ನೋಡಲಿ. ಶ್ರೀಶೈಲಕ್ಕೆ ನಡೆದುಹೋಗುವವರು ಚೆಂಚರ ಗೂಡೇಮುಗಳ ಬಳಿ ಕಸ ಬಿಸಾಡದೆ, ಅವರ ನೀರಿನ ಚೆಲುಮೆಯನ್ನು ಕೆಡಿಸದೆ, ಅವರ ಜೇನಿಗೆ ನ್ಯಾಯವಾದ ಬೆಲೆ ಕೊಟ್ಟು ಬರಲಿ. ನಮ್ಮ ಹೊಲದ ಬದುವಿನಲ್ಲಿ ಹಿರಿಯರು ಬೆಳೆಸಿದಂತೆ ಜಾಲಿ ಬೇವುಗಳನ್ನು ಬೆಳೆಸಿದರೆ ಪರರ ಕಾಡಿನ ಮೇಲಿನ ನಮ್ಮ ಭಾರ ಅಷ್ಟಾದರೂ ಇಳಿಯುತ್ತದೆ. ನಮ್ಮ ಶಾಲೆಯ ಮಕ್ಕಳು ತಮ್ಮ ಪ್ರಬಂಧಗಳಿಗಾಗಿ ಊರಿನ ಬಡಗಿಗಳನ್ನೂ ಹಿರಿಯರನ್ನೂ ಕಂಡು, ಯಾವ ಸಾಮಾನಿಗೆ ಯಾವ ಮರ ಬಳಸುತ್ತಿದ್ದರೆಂಬುದನ್ನು ಕನ್ನಡದಲ್ಲಿ ಬರೆದಿಟ್ಟರೆ ಅದೂ ಒಂದು ದಾಖಲೆಯೇ. ಬರೆದಿಡದ ಹಕ್ಕು ಎಷ್ಟು ಸುಲಭವಾಗಿ ಕೈಬಿಟ್ಟುಹೋಗುವುದೆಂಬುದನ್ನು ಕಾಡಿನ ಚರಿತ್ರೆ ನಮಗೆ ಸಾಕಷ್ಟು ಕಲಿಸಿದೆ.